ಊರೆಲ್ಲ ತೋರಿಸಿದವನ ಹೆಂಡತಿ

ಸಮುದ್ರ ಇರುವ ಊರಿಗೆ ವರ್ಗವಾಗುವವರೆಗೆ ನನಗೆ ಅಷ್ಟೊಂದು ನೆಂಟರಿದ್ದಾರೆಂದು ಗೊತ್ತಿರಲಿಲ್ಲ. ಮೈಸೂರಿನಲ್ಲಿದ್ದಾಗ ಹಬ್ಬಕ್ಕೆ ಕರೆದರೂ ಬಾರದವರು, ನಾನು ಕೊಚ್ಚಿಗೆ ಬಂದ ಮೊದಲ ಬೇಸಿಗೆಯಲ್ಲೇ ಇನ್‌ಲ್ಯಾಂಡ್ ಲೆಟರ್ ಬರೆದು ಕ್ಷೇಮ ಸಮಾಚಾರ ಕೇಳತೊಡಗಿದರು. ಕ್ಷೇಮ ಒಂದು ಸಾಲು, ರೈಲು ಬರುವ ಹೊತ್ತು ಎರಡು ಸಾಲು. ನನಗೆ ಸಿಟ್ಟು ಬರಬೇಕಿತ್ತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದಿನವಿಡೀ ಕಡತ ನೋಡುವ ನನ್ನಂಥವನ ಮಾತನ್ನು ನಾಲ್ಕು ಜನ ಬಾಯಿ ತೆರೆದು ಕೇಳುವುದು ಸಣ್ಣ ಸಂಗತಿಯಲ್ಲ. ಬಂದವರನ್ನೆಲ್ಲ ಎರ್ನಾಕುಳಂನಿಂದ ದೋಣಿ ಹತ್ತಿಸಿ ಫೋರ್ಟ್ ಕೊಚ್ಚಿಗೆ ಕರೆದೊಯ್ಯುತ್ತಿದ್ದೆ. ದಡದ ಕಂಬಗಳಿಗೆ ತೂಗುಬಿಟ್ಟ ದೊಡ್ಡ ಮೀನುಬಲೆ, ಚೀನಾ ಬಲೆ, ನೀರಿನಿಂದ ಮೇಲೇಳುವ ಹೊತ್ತಿಗೆ ಸರಿಯಾಗಿ ಕೈ ಎತ್ತಿ, ಬಲೆಯನ್ನು ನಾನೇ ಎತ್ತಿಸುತ್ತಿರುವವನ ಹಾಗೆ ನಿಲ್ಲುತ್ತಿದ್ದೆ. ಅಲ್ಲಿಂದ ಮಟ್ಟಂಚೇರಿಯ ಅರಮನೆ, ಅಲ್ಲಿನ ಗೋಡೆ ಚಿತ್ರ, ಮೆಣಸು ಶುಂಠಿಯ ವಾಸನೆ ಬರುವ ಬೀದಿ. ಎಲ್ಲದಕ್ಕೂ ನನ್ನ ಹತ್ತಿರ ವಿವರಣೆ ಸಿದ್ಧವಿತ್ತು. ಗೊತ್ತಿಲ್ಲದ ಕಡೆ "ಇದು ಬಹಳ ಹಳೇದು" ಎಂದರೆ ನಡೆಯುತ್ತಿತ್ತು.

ಈ ಯಾವ ಪ್ರವಾಸದಲ್ಲೂ ನನ್ನ ಹೆಂಡತಿ ಸುಮಿತ್ರಾ ಇರುತ್ತಿರಲಿಲ್ಲ. ಕಾರಣ ಅಕ್ಕಿ. ನಮ್ಮವರಿಗೆ ಸಮುದ್ರ ಬೇಕು, ಸಮುದ್ರದ ಊರಿನ ಊಟ ಬೇಡ. ಅಲ್ಲಿನ ದಪ್ಪ ಕೆಂಪಕ್ಕಿ ಅನ್ನ ಗಂಟಲಲ್ಲಿ ಇಳಿಯದು, ತೆಂಗಿನೆಣ್ಣೆಯ ಒಗ್ಗರಣೆ ಆಗದು. ಹಾಗಾಗಿ ನಾವು ಸುತ್ತಾಡಿ ಬರುವ ಹೊತ್ತಿಗೆ ಪಾಲಾರಿವಟ್ಟಂನ ನಮ್ಮ ಬಾಡಿಗೆ ಮನೆಯಲ್ಲಿ ಬಿಸಿ ಅನ್ನ, ಸಾರು, ಹಪ್ಪಳ ಸಿದ್ಧವಿರಬೇಕಿತ್ತು. ಬೆಳಿಗ್ಗೆ ಬುತ್ತಿಗೆ ಪುಳಿಯೋಗರೆಯನ್ನೂ ಅವಳೇ ಕಟ್ಟಿಕೊಡುತ್ತಿದ್ದಳು. ಹೊರಡುವಾಗ ನಾನು ತಪ್ಪದೆ ಒಂದು ಮಾತು ಹೇಳುತ್ತಿದ್ದೆ: ನಾವು ಇಲ್ಲೇ ಇರುವವರು, ನಾವು ಯಾವಾಗ ಬೇಕಾದರೂ ನೋಡಬಹುದು. ಅವಳು ಹೂಂ ಎನ್ನುತ್ತಿದ್ದಳು. ನಾಲ್ಕು ವರ್ಷ ಹೂಂ ಎಂದಳು.

ಆಮೇಲೆ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಅವಳ ಚಿಕ್ಕಮ್ಮ, ಹಿಂದಿನ ವರ್ಷ ನಮ್ಮಲ್ಲಿಗೆ ಬಂದು ಹೋಗಿದ್ದವರು, ಚೀನಾ ಬಲೆಯ ವರ್ಣನೆ ಮಾಡುತ್ತಿದ್ದರು. ನಡುವೆ ಏನೋ ಮರೆತು, "ಆ ಬಲೇನ ಎಷ್ಟು ಜನ ಸೇರಿ ಎಳೀತಾರೆ ಸುಮಿ?" ಎಂದು ಇವಳನ್ನೇ ಕೇಳಿದರು. ಸುಮಿತ್ರಾ ಎಲೆಯ ಮೇಲೆ ಪಾಯಸ ಹರಿಯದ ಹಾಗೆ ಬೆರಳಿನಿಂದ ಅಡ್ಡ ಹಾಕುತ್ತ, "ಗೊತ್ತಿಲ್ಲ ಚಿಕ್ಕಮ್ಮ. ಚೆನ್ನಾಗಿರತ್ತಂತೆ" ಎಂದಳು. ಆ "ಅಂತೆ" ಎದುರು ಪಂಕ್ತಿಯಲ್ಲಿ ಕೂತ ನನಗೆ ಕೇಳಿಸಿತು. ಆರು ಜನ ಎಂದು ನಾನು ಹೇಳಬಹುದಿತ್ತು. ಬದಲಿಗೆ ಬಡಿಸುವವನನ್ನು ಕರೆದು ಮಜ್ಜಿಗೆ ಹಾಕಿಸಿಕೊಂಡೆ.

ಕೊಚ್ಚಿಗೆ ಮರಳಿದ ಮರುವಾರವೇ ಅವಳನ್ನು ಕರೆದೊಯ್ಯಬೇಕೆಂದು ತೀರ್ಮಾನಿಸಿದ್ದೆ. ಮರುವಾರ ತಿರುವನಂತಪುರಕ್ಕೆ ವರ್ಗದ ಆದೇಶ ಬಂತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಾಲ್ಕು ವರ್ಷದ ಕೊಚ್ಚಿ ಹಾಗೇ ಕೈತಪ್ಪಿ ಹೋಯಿತು. ಪರವಾಗಿಲ್ಲ, ಹೊಸ ಊರಿನಲ್ಲಿ ಮೊದಲು ನೀನು, ಆಮೇಲೆ ಉಳಿದವರು ಎಂದು ರೈಲಿನಲ್ಲೇ ಮಾತು ಕೊಟ್ಟೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ತಿರುವನಂತಪುರದಲ್ಲಿ ಮೊದಲು ಬಂದದ್ದು ನನ್ನ ಅಣ್ಣನ ಸಂಸಾರ. ಆಮೇಲೆ ಅತ್ತಿಗೆಯ ತಮ್ಮ. ಇಲ್ಲಿ ನನ್ನ ಕಸುಬು ಇನ್ನೂ ಬೆಳೆಯಿತು. ಅನಂತಪದ್ಮನಾಭನ ದೇವಸ್ಥಾನಕ್ಕೆ ಗಂಡಸರು ಪ್ಯಾಂಟು ಹಾಕಿಕೊಂಡು ಹೋಗುವಂತಿಲ್ಲವಲ್ಲ, ಅದಕ್ಕಾಗಿ ಮನೆಯಲ್ಲಿ ಮೂರು ಪಂಚೆಗಳನ್ನೇ ಬೇರೆ ಇಟ್ಟುಕೊಂಡಿದ್ದೆ. ಪಂಚೆ ಉಟ್ಟು ಅಭ್ಯಾಸವಿಲ್ಲದ ಎಂಜಿನಿಯರುಗಳ ಸೊಂಟಕ್ಕೆ ಗಂಟು ಹಾಕುವುದರಲ್ಲಿ ನಾನು ಪಳಗಿದೆ. ದೇವಸ್ಥಾನ, ಮ್ಯೂಸಿಯಂ, ಅದರ ಆವರಣದಲ್ಲೇ ಇರುವ ಮೃಗಾಲಯ, ಸಂಜೆಗೆ ಕೋವಳಂ. ಹೀಗೆ ಮೂರು ವರ್ಷ ಕಳೆಯಿತು.

ಕೊನೆಗೊಂದು ಭಾನುವಾರ ನೆಂಟರಿಲ್ಲದೆ ಬೆಳಗಾಯಿತು. ಇವತ್ತು ಬಿಟ್ಟರೆ ಇಲ್ಲ ಎಂದುಕೊಂಡು, ಅಡುಗೆ ಮಾಡಬೇಡ, ಹೊರಡು ಎಂದೆ. ಎಲ್ಲಿಗೆ ಎಂದು ಕೇಳಿದಳು. ಮ್ಯೂಸಿಯಂಗೆ ಎಂದೆ. ಏನೋ ಹೇಳಹೊರಟವಳು ಒಲೆ ಆರಿಸಿ, ಸೀರೆ ಬದಲಾಯಿಸಿ ಬಂದಳು.

ಮ್ಯೂಸಿಯಂ ಆವರಣದ ಚಿತ್ರಶಾಲೆಯ ಬಾಗಿಲಲ್ಲಿ ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಲ್ಲಿ ಟಿಕೆಟ್ ನೋಡುತ್ತಿದ್ದ ಹೆಂಗಸು ಇವಳನ್ನು ಕಂಡು ಎದ್ದು ನಿಂತು, "ಚೇಚೀ, ಕಂಡಿಟ್ಟ್ ಕುರೇ ನಾಳಾಯಲ್ಲೋ" ಎಂದಳು. ಅಕ್ಕಾ, ನೋಡಿ ಬಹಳ ದಿನವಾಯಿತಲ್ಲ ಎಂದು. ಇವಳು ಸರಾಗ ಮಲಯಾಳದಲ್ಲಿ ಅವಳ ಮಗಳ ಪರೀಕ್ಷೆಯ ವಿಚಾರ ಕೇಳಿದಳು. ಆ ಹೆಂಗಸು ನನ್ನ ಕಡೆ ತಿರುಗಿ, ಇವರು ಊರಿನಿಂದ ಬಂದವರೋ ಎಂದು ವಿಚಾರಿಸಿದಳು. "ಅಲ್ಲ, ಭರ್ತಾವಾಣ್" ಎಂದಳು ನನ್ನ ಹೆಂಡತಿ. ಗಂಡ ಎಂಬುದನ್ನು ಆ ಹೆಂಗಸು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಒಳಗೆ ಹೋದ ಮೇಲೆ ವಿಷಯ ತಿಳಿಯಿತು. ಪಕ್ಕದ ಮನೆಯ ಓಮನ ಚೇಚಿ, ನಾನು ಮೂರು ವರ್ಷದಲ್ಲಿ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿರದ ನಿವೃತ್ತ ಶಿಕ್ಷಕಿ, ಮೊದಲ ವರ್ಷವೇ ಇವಳನ್ನು ಕರೆದುಕೊಂಡು ಬಂದಿದ್ದರಂತೆ. ನಾನು ಕಚೇರಿಗೆ ಹೋದ ಮೇಲೆ ಇಬ್ಬರೂ ಬಸ್ಸು ಹತ್ತಿ ಎಲ್ಲ ನೋಡಿದ್ದಾರೆ. ಕೋವಳಂ ಆಗಿದೆ, ಶಂಖುಮುಖಂ ಕಡಲತೀರ ಎಷ್ಟೋ ಸಲ ಆಗಿದೆ. ಓಮನ ಚೇಚಿಯ ತಂಗಿಯ ಮನೆಗೆಂದು ನನಗೆ ಹೇಳಿ ಒಂದು ದಿನ ಕೊಚ್ಚಿಗೂ ಹೋಗಿ ಬಂದಿದ್ದಳು, ಆಗ ಚೀನಾ ಬಲೆಯೂ ಆಗಿದೆ.

"ನನಗೇಕೆ ಹೇಳಲಿಲ್ಲ?" ಎಂದೆ.

ಅವಳು ಒಂದು ಚಿತ್ರದ ಮುಂದೆ ನಿಂತಿದ್ದಳು. ತಿರುಗದೆಯೇ ಹೇಳಿದಳು: "ಮೊದಲನೇ ಸಲ ಕೋವಳಂ ನೋಡಿದ ದಿನ ಹೇಳೋಣ ಅಂತಲೇ ಓಡಿ ಬಂದೆ ರೀ. ಸಾರು ಕುದೀತಾ ಇದ್ರೂ ಬಾಗಿಲಲ್ಲೇ ನಿಂತಿದ್ದೆ. ನೀವು ನಿಮ್ಮ ಅಣ್ಣನ ಸ್ನೇಹಿತರನ್ನ ಕರ್ಕೊಂಡು ಬಂದ್ರಿ. ಅವರಿಗೆ ಊಟಕ್ಕೆ ಹಾಕಿದೆ. ಆಮೇಲೆ ಹೇಳೋ ಅಷ್ಟು ಏನೂ ಉಳೀಲಿಲ್ಲ."

ಇಷ್ಟು ದಿನ ಅವಳು ಏನನ್ನೂ ನೋಡಲಿಲ್ಲವೆಂದು ನಾನು ಕೊರಗಿದ್ದೆ. ನೋಡಿದ್ದಳು. ಮೊದಲ ಸಲ ಸಮುದ್ರದ ಮುಂದೆ ನಿಂತಾಗ ಅವಳ ಮುಖ ಹೇಗಿತ್ತೆಂದು ಓಮನ ಚೇಚಿಗೆ ಗೊತ್ತು. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಎಷ್ಟೋ ಷಡ್ಡಕರ, ಸೋದರತ್ತೆಯರ, ಅವರ ಮಕ್ಕಳ ಮುಖಗಳು ಸಮುದ್ರದೆದುರು ಅರಳಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಹೋಗಲಿ, ಈಗ ನೀನೇ ತೋರಿಸು ಎಂದೆ. ಅವಳು ತೋರಿಸಿದಳು. ಆದರೆ ಅವಳು ನೋಡುವ ಕ್ರಮವೇ ಬೇರೆ. ಒಂದು ಚಿತ್ರಕ್ಕೆ ಹತ್ತು ನಿಮಿಷ. ಎರಡನೇ ನಿಮಿಷಕ್ಕೆ ನನ್ನ ಕಣ್ಣು ತಾನಾಗಿ ಕೈಗಡಿಯಾರದ ಕಡೆ ತಿರುಗಿತು. ಅವಳು ಅದನ್ನು ಗಮನಿಸಿ, ಬೇಸರವಿಲ್ಲದ ದನಿಯಲ್ಲಿ, "ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ, ನಾನು ನೋಡ್ಕೊಂಡು ಬರ್ತೀನಿ" ಎಂದಳು.

ಹೊರಗೆ ಮರದ ಕೆಳಗೆ ಕೂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆಗ ಒಂದು ಸಂಸಾರ ನನ್ನ ಮುಂದೆಯೇ ಗೊಂದಲದಿಂದ ನಿಂತು, ಮೃಗಾಲಯ ಯಾವ ಕಡೆ ಎಂದು ತಮ್ಮತಮ್ಮಲ್ಲೇ ಚರ್ಚಿಸತೊಡಗಿತು. ಅಚ್ಚ ಕನ್ನಡದಲ್ಲಿ. ಹಾಸನದ ಕಡೆಯವರು. ದಾರಿ ತೋರಿಸಿ ಬರೋಣವೆಂದಷ್ಟೇ ಎದ್ದೆ. ದಾರಿಯಲ್ಲಿ ಆ ಕೆಂಪು ಮ್ಯೂಸಿಯಂ ಕಟ್ಟಡ ಬಂತು, ವಿವರಿಸದೆ ಹೇಗಿರುವುದು? ಆಮೇಲೆ ಸಿಂಹದವರೆಗೆ, ಅಲ್ಲಿಂದ ಹುಲಿಯವರೆಗೆ.

ಓಡುತ್ತ ಬಂದಾಗ ಸುಮಿತ್ರಾ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಳು. ಪೊಟ್ಟಣ ಅರ್ಧ ಖಾಲಿಯಾಗಿತ್ತು. ಉಳಿದದ್ದನ್ನು ನನ್ನ ಕಡೆ ಚಾಚಿ, "ಎಷ್ಟು ಜನ?" ಎಂದಳು.

"ಐದು" ಎಂದೆ.

"ಊಟಕ್ಕೆ ಕರೆದ್ರಾ?"

ನಾನು ಒಂದು ಕಡಲೆಕಾಯಿ ಸುಲಿಯತೊಡಗಿದೆ. ಕರೆದಿದ್ದೆ.