ಅತ್ತೆಯವರ ಹಪ್ಪಳದ ವಿಡಿಯೊ

ನಮ್ಮ ಮನೆಯಲ್ಲಿ ಫೋನು, ಟಿ.ವಿ., ಮಿಕ್ಸಿ ಖಾತೆಗಳ ಘನತೆವೆತ್ತ ಸಚಿವ ನಾನೇ. (ಮಿಕ್ಸಿ ಖಾತೆಯನ್ನು ಹೆಂಡತಿ ಹೇಮಾವತಿ ಈಚೆಗೆ ಕಿತ್ತುಕೊಂಡಳು. ನಾನು ರಿಪೇರಿ ಮಾಡಿದ ಮೇಲೆ ಅದು ತಿರುಗುವುದನ್ನೇ ಬಿಟ್ಟಿತ್ತು.) ಇಂಥವನಿಗೂ ಅವಳು ಬುದ್ಧಿ ಹೇಳಲು ಬರುತ್ತಾಳಲ್ಲ, ಅದು ನನ್ನ ಅಳಲು.

ಅತ್ತೆ ನಿರ್ಮಲಮ್ಮ ತೀರಿಕೊಂಡು ವರ್ಷವಾಗಿತ್ತು. ಸಂತೇಬೆನ್ನೂರಿನ ಮನೆಯ ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತ ಅವರು ಮಾತಾಡಿದ ವಿಡಿಯೊ ಹೇಮಾಳ ಆನ್‌ಲೈನ್ ಖಾತೆಯಲ್ಲಿತ್ತು. “ಅಳಿಯಂದ್ರನ್ನ ಈ ಕಡೆ ಬಿಡಬ್ಯಾಡ್ರೀ, ಒಣಗಾಕೆ ಮುಂಚೇನೇ ಮುಗಿಸ್ತಾರೆ!” ಎಂದು ನಗುತ್ತಿದ್ದರು. ಅವರ ದನಿ ಉಳಿದಿದ್ದು ಅದೊಂದರಲ್ಲೇ. ಬೆಳಿಗ್ಗೆ ಹಾಲು ಕಾಯಿಸುವಾಗ ಹೇಮಾ ಅದನ್ನು ಹಾಕಿಕೊಂಡು ನಿಲ್ಲುತ್ತಿದ್ದಳು. ಹಾಲು ಉಕ್ಕಿದರೆ ನಾನೇ ಒಲೆ ಒರೆಸುತ್ತಿದ್ದೆ.

ಒಂದು ಭಾನುವಾರ ಅವಳಿಗೊಂದು ಮೇಲ್ ಬಂತು. ಫೋಟೊ, ವಿಡಿಯೊ ಇಡುವ ಆ ಕಂಪನಿಯದೇ ಲಾಂಛನ, ಅದೇ ಬಣ್ಣ. ‘ಪ್ರಿಯ ಗ್ರಾಹಕರೇ, ನಿಮ್ಮ ಜಾಗ ತುಂಬಿದೆ. ಸಂಜೆಯೊಳಗೆ ಕೆಳಗಿನ ಲಿಂಕ್ ಒತ್ತಿ ದೃಢಪಡಿಸದಿದ್ದರೆ ಎಲ್ಲವನ್ನೂ ಅಳಿಸಲಾಗುವುದು.’

“ಎಲ್ಲಾ ಹೋಗ್ತಾವಂತೆ! ಕೊಡು ಇಲ್ಲಿ,” ಎಂದೆ.

“ತಡೀರಿ. ಕಂಪನಿಯೋರಿಗೆ ನನ್ನ ಹೆಸರು ಗೊತ್ತಿಲ್ವಾ? ಬರೀ ಗ್ರಾಹಕರೇ ಅಂದಾರೆ. ವಿಳಾಸ ನೋಡ್ರಿ, ಕಂಪನಿ ಹೆಸರಾಗೆ ಒಂದಕ್ಷರ ಜಾಸ್ತಿ ಐತೆ. ಲಿಂಕ್ ಒತ್ತಬ್ಯಾಡ್ರಿ, ಆಪ್ ತೆಗೆದು ನಾವೇ ನೋಡಾಣ.”

“ದೊಡ್ಡ ಕಂಪನಿ ಕಣೇ! ಒಂದಕ್ಷರ ಹೆಚ್ಚಿಗೇನೇ ಇಟ್ಕೊಂಡಿರ್ತಾರೆ!”

ಅವಳು ಬಟ್ಟೆ ಒಣಹಾಕಲು ಹೋದದ್ದೇ ತಡ, ಲಿಂಕ್ ಒತ್ತಿದೆ, ಪಾಸ್‌ವರ್ಡ್ ಕೊಟ್ಟೆ, ಫೋನಿಗೆ ಬಂದ ಕೋಡನ್ನೂ ತುಂಬಿದೆ. ಅತ್ತೆಯವರನ್ನು ಯಮನಿಂದಲೇ ಬಿಡಿಸಿಕೊಂಡು ಬಂದವನಂತೆ ಎದೆಯುಬ್ಬಿಸಿ ಕೂತೆ.

ಮರುದಿನ ಹಾಲು ಒಲೆಯ ಮೇಲಿತ್ತು. ಖಾತೆ ತೆರೆಯಲಿಲ್ಲ. ಕಳ್ಳರು ಪಾಸ್‌ವರ್ಡ್ ಬದಲಾಯಿಸಿದ್ದರು. ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು, ನಿಜವಾದ ಕಂಪನಿಗೆ ಬರೆದೆವು. ಕೊನೆಗೆ ಖಾತೆ ಮರಳಿ ಬಂತು, ಖಾಲಿಯಾಗಿ.

ಹೇಮಾ ಉಪ್ಪಿಟ್ಟು ಬಡಿಸಿ ಪಾತ್ರೆ ತಿಕ್ಕಲು ಕೂತಳು. ಉಪ್ಪೇ ಹಾಕಿರದ ಅದನ್ನು ನಾನು ತಟ್ಟೆ ಬಳಿದು ತಿಂದೆ.

“ಬೈಯೇ, ನಾಲ್ಕು ಮಾತು ಬೈದುಬಿಡು,” ಎಂದೆ.

“ಬೈದ್ರೆ ಅವ್ವ ಮಾತಾಡ್ತಾಳೇನ್ರಿ?”

ಆ ಸಂಜೆ ಅವಳ ತಮ್ಮ ಪ್ರಸನ್ನ ಹೊನ್ನಾಳಿಯಿಂದ ಬಂದ. “ಖಾತೆ ಕಳ್ಳರ ಕೈಯಾಗೆ ಇದ್ದಾಗ ಅಕ್ಕನ ಹೆಸರಲ್ಲಿ ನನಗೂ ಮೇಲ್ ಬಂದಿತ್ತು ಭಾವ. ತುರ್ತಾಗಿ ದುಡ್ಡು ಕಳಿಸು ಅಂತ. ಓದಿದ ಕೂಡ್ಲೇ ಮೋಸ ಅಂತ ಗೊತ್ತಾತು.”

“ಹೆಂಗೆ ಗೊತ್ತಾತಪ್ಪ? ವಿಳಾಸ ನೋಡಿದ್ಯಾ?”

“ವಿಳಾಸ ಅಕ್ಕಂದೇ. ಆದ್ರೆ ‘ನನ್ನ ಬುದ್ಧಿವಂತ ಪತಿದೇವರ ಸಲಹೆಯಂತೆ ಕೇಳುತ್ತಿದ್ದೇನೆ’ ಅಂತ ಬರೆದಿದ್ರು. ಅಕ್ಕ ಹಿಂಗೆ ಬರೀತಾಳಾ?”

ಹೇಮಾ ಫಕ್ಕನೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲದೆ ಭುಜಗಳು ಕುಲುಕತೊಡಗಿದವು. ಇಷ್ಟು ದಿನದ ಮೇಲೆ ನಕ್ಕಳಲ್ಲ ಎಂದು ನಾನೂ ಜೊತೆಗೂಡಿ ಜೋರಾಗಿ ನಕ್ಕೆ.

ಪ್ರಸನ್ನ ನನ್ನ ಕೈ ಹಿಡಿದು ಅದುಮಿ, ಅಕ್ಕನ ಒದ್ದೆ ಕೆನ್ನೆಯತ್ತ ಕಣ್ಣು ಹಾಯಿಸಿದ. ಆಗ ಗೊತ್ತಾಯಿತು, ನಗುತ್ತಿದ್ದವನು ನಾನೊಬ್ಬನೇ.