ಕಪ್ಪಾದ ಕಾಸಿನ ಸರ

ಗಿಲೀಟು ಒಡವೆ, ಓರಗಿತ್ತಿ, ಇವೆರಡೂ ಇರುವ ಮನೆಯಲ್ಲಿ ಎಡವಟ್ಟಿಗೆ ಬರ ಅನ್ನುವುದೇ ಇಲ್ಲ. ನನಗೆ ಎರಡೂ ಇವೆ. ನಾನು ಶಿಡ್ಲಘಟ್ಟದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಇರುವುದು ಚಿಂತಾಮಣಿಯಲ್ಲಿ. ನಿಜವಾದ ಚಿನ್ನ ಅಂತ ನಮ್ಮಿಬ್ಬರಿಗೂ ಇರುವುದು ತಾಳಿ ಸರ ಮತ್ತು ಒಂದು ಜೊತೆ ಬಳೆ. ಮಿಕ್ಕಿದ್ದೆಲ್ಲ ಒನ್ ಗ್ರಾಂ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ, ಈಗಿನ ರೇಟಿಗೆ ಊರೆಲ್ಲ ಹಾಕಿಕೊಳ್ಳುವುದೂ ಅದನ್ನೇ.

ಮುಚ್ಚಿಡಬೇಕಾದ ವಿಷಯ ಬೇರೆ ಇದೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ನನ್ನ ಓರಗಿತ್ತಿಯ ಒಡವೆ ಕಂಡರೆ ಹೊಟ್ಟೆಕಿಚ್ಚು. ಅವಳನ್ನು ಕಂಡರೆ ಏನೂ ಇಲ್ಲ. ಇಲ್ಲ, ಸ್ವಲ್ಪ ಇದೆ.

೧. ಗುಟ್ಟು

ಹೋದ ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳು ನಮ್ಮ ಮನೆಗೆ ಬಂದಳು. ಕುತ್ತಿಗೆಯಲ್ಲಿ ಉದ್ದನೆಯ ಸರ ಥಳಥಳ ಅನ್ನುತ್ತಿತ್ತು. ನಾನು ಕಾಫಿ ಕೊಡುವ ಮೊದಲೇ ಕೇಳಿದೆ.

"ಹೊಸದಾ?"

"ಅಯ್ಯೋ ಇಲ್ಲ ಅಕ್ಕ. ಒನ್ ಗ್ರಾಂದೇ, ಮೂರು ವರ್ಷ ಆಯ್ತು."

ಮೂರು ವರ್ಷ! ನನ್ನ ಸೆಟ್ಟುಗಳು ಮೂರು ತಿಂಗಳಿಗೆ ದೋಸೆ ಹೆಂಚಿನ ಬಣ್ಣಕ್ಕೆ ತಿರುಗುತ್ತವೆ. ಎದೆಯೊಳಗೆ ಸಣ್ಣಗೆ ಉರಿ ಹತ್ತಿಕೊಂಡಿತು.

"ಏನ್ ಹಾಕಿ ತೊಳೀತೀಯ?"

"ಏನೂ ಇಲ್ಲ ಅಕ್ಕ. ಬಿಚ್ಚಿದ ತಕ್ಷಣ ಮೆತ್ತನೆ ಬಟ್ಟೇಲಿ ಒರೆಸಿ, ಹತ್ತೀಲಿ ಸುತ್ತಿ ಇಡ್ತೀನಿ ಅಷ್ಟೇ."

ಇದನ್ನು ಯಾರಾದರೂ ನಂಬುತ್ತಾರೆಯೇ? ಚೆನ್ನಾಗಿ ಸಾರು ಮಾಡುವವರೂ ಕೇಳಿದರೆ ಹೀಗೇ, ಏನಿಲ್ಲ, ಉಪ್ಪು ಖಾರ ಅಷ್ಟೇ ಅನ್ನುತ್ತಾರೆ. ಅವಳು ಹೋದ ಮೇಲೆ ಯಜಮಾನರ ಹತ್ತಿರ ಹೇಳಿಕೊಂಡೆ. "ಏನೋ ಗುಟ್ಟಿದೆ ಕಣ್ರೀ, ನನಗೆ ಹೇಳ್ತಿಲ್ಲ ಅವಳು."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಗುಟ್ಟು ಎಂಥದೇ? ಅವಳು ಬಿಚ್ಚಿ ಹತ್ತೀಲಿ ಇಡ್ತಾಳೆ. ನಿನ್ನ ಜುಮ್ಕಿ ಹೋದ ವಾರ ಈರುಳ್ಳಿ ಬುಟ್ಟೀಲಿ ಸಿಕ್ತು."

೨. ಆರತಿಯ ಸುದ್ದಿ

ಅಷ್ಟರಲ್ಲಿ ಗೌರಿಬಿದನೂರಿನಿಂದ ನನ್ನ ನಾದಿನಿ ಫೋನ್ ಮಾಡಿದಳು. ಸಂಕ್ರಾಂತಿ ಕಳೆದ ಮೇಲೆ ಅವಳ ಹೊಸ ಮನೆಯ ಗೃಹಪ್ರವೇಶವಂತೆ.

"ಅತ್ತಿಗೆ, ನೀವಿಬ್ರೂ ಅಕ್ಕಪಕ್ಕ ನಿಂತು ಆರತಿ ಎತ್ತಬೇಕು. ವಿಡಿಯೋದೋರಿಗೂ ಹೇಳಿಬಿಟ್ಟಿದ್ದೀನಿ."

ನನ್ನ ಕಣ್ಣ ಮುಂದೆ ಆ ವಿಡಿಯೋ ಆಗಲೇ ಓಡತೊಡಗಿತು. ಅಕ್ಕಪಕ್ಕ ಅಂದರೆ ಕುತ್ತಿಗೆ ಪಕ್ಕ ಕುತ್ತಿಗೆ. ನೆಂಟರೆಲ್ಲ ಎಷ್ಟು ಸಲ ನೋಡುತ್ತಾರೋ ಅಷ್ಟು ಸಲ ನಾನು ಅವಳ ಪಕ್ಕ ಮಂಕಾಗಿ ನಿಂತಿರಬೇಕು. ಸಾಧ್ಯವೇ ಇಲ್ಲ ಅಂದುಕೊಂಡು ಚಿಕ್ಕಬಳ್ಳಾಪುರದ ಪೇಟೆಗೆ ಹೋಗಿ ಒಂದು ಕಾಸಿನ ಸರ ತಂದೆ. ಒಂದೊಂದು ಕಾಸಿನಲ್ಲೂ ಲಕ್ಷ್ಮಿ, ನಡುವೆ ಕೆಂಪು ಕಲ್ಲು. ಯಜಮಾನರಿಗೂ ಅತ್ತೆಗೂ ಬಿಟ್ಟರೆ ನೆಂಟರಲ್ಲಿ ಯಾರಿಗೂ ಸುಳಿವು ಕೊಡಲಿಲ್ಲ.

ಹಾಗೇ ಎತ್ತಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಶಾಲೆಯ ಇನ್ನೊಬ್ಬ ಟೀಚರು ಹೊಸ ಹಾರ ಹಾಕಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಮೆರೆದಳು. ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನದಿಂದ ನಾನೂ ಕಾಸಿನ ಸರ ಹಾಕಿಕೊಂಡು ಹೋದೆ. ನಮ್ಮ ಮನೆಯಿಂದ ಶಾಲೆಗೆ ಬಸ್ಸು ಇಳಿದು ಎರಡು ಕಿಲೋಮೀಟರ್ ನಡೆಯಬೇಕು, ಬೆವರು ಕೇಳಬೇಡಿ. ಎರಡು ತಿಂಗಳಿಗೆ ಆ ಟೀಚರು ನನ್ನ ಕುತ್ತಿಗೆ ನೋಡಿ, "ಅಯ್ಯೋ ಮೇಡಂ, ಸರದ ಕೆಳಗೆ ಹಸಿರು ಸರ ಒಂದು ಹಾಕ್ಕೊಂಡಿದ್ದೀರಲ್ಲ, ಮ್ಯಾಚಿಂಗಾ?" ಅಂದಳು.

೩. ತಾಮ್ರದ ಗುಣ

ಸರದ ಮೇಲೆ ಪ್ರಯೋಗ ಮಾಡುವ ಮೊದಲು ಜುಮ್ಕಿಯ ಮೇಲೆ ನೋಡೋಣ ಅಂತ ಯೋಚಿಸಿದೆ. ಇಷ್ಟಾದರೂ ಬುದ್ಧಿ ನನಗಿತ್ತು. ನಮ್ಮತ್ತೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿ ಇಡುತ್ತಾರೆ. ದೀಪಕ್ಕೆ ಆಗುವುದು ಜುಮ್ಕಿಗೆ ಯಾಕಾಗಬಾರದು? ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ಒಂದು ಬಟ್ಟಲಲ್ಲಿ ಹುಣಸೆರಸ ಕಿವುಚಿ, ಮೇಲೊಂದಿಷ್ಟು ಕಲ್ಲುಪ್ಪು ಹಾಕಿ, ಜುಮ್ಕಿ ನೆನೆಸಿಟ್ಟು ಹೋದೆ.

ಸಾಯಂಕಾಲ ಬಂದು ತೊಳೆದರೆ ಜುಮ್ಕಿ ನಿಜಕ್ಕೂ ಹೊಳೆಯುತ್ತಿತ್ತು. ಆದರೆ ಕೆಂಪಗೆ. ಮೇಲಿನ ಬಣ್ಣವೆಲ್ಲ ಬಟ್ಟಲಿನ ತಳಕ್ಕೆ ಇಳಿದು, ಒಳಗಿನ ತಾಮ್ರ ಹೊರಗೆ ಬಂದಿತ್ತು. ಅಳು ಬರುವ ಹಾಗೆ ಅತ್ತೆಯ ಮುಂದೆ ಹಿಡಿದೆ.

ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು. "ಅಳಬೇಡ ಕಣಮ್ಮ. ತಾಮ್ರ ಮೈಗೆ ಒಳ್ಳೇದು."

"ಕಿವಿಗೆ ಏನ್ ಒಳ್ಳೇದು ಅತ್ತೆ?"

"ಕಿವೀಗಲ್ಲಮ್ಮ. ಲೋಟದಲ್ಲಿ ಹಾಕಿ ನೀರು ತುಂಬ್ಸಿಡು, ಬೆಳಗ್ಗೆ ಎದ್ದು ಕುಡಿ."

೪. ಚಾಕ್‌ಪೀಸ್ ಡಬ್ಬಿ

ಸೀಮೆಸುಣ್ಣ ತೇವ ಎಳೆದುಕೊಳ್ಳುತ್ತದೆ, ಒಡವೆ ಜೊತೆ ಎರಡು ಚಾಕ್‌ಪೀಸ್ ಇಟ್ಟರೆ ಕಪ್ಪಾಗುವುದಿಲ್ಲ ಅಂತ ಆಮೇಲೆ ಯಾರೋ ಹೇಳಿದರು. ಟೀಚರಿಗೆ ಚಾಕ್‌ಪೀಸಿಗೆ ಬರವೇ? ಖಾಲಿ ಚಾಕ್‌ಪೀಸ್ ಡಬ್ಬಿಯಲ್ಲೇ ನನ್ನ ಓಲೆ, ಪದಕ, ಸರ ಎಲ್ಲ ಹಾಕಿ, ಜೊತೆಗೆ ನಾಲ್ಕು ಚಾಕ್‌ಪೀಸ್ ಇಟ್ಟು ಮುಚ್ಚಿದೆ. ಅದೇ ಥರದ ಇನ್ನೊಂದು ಡಬ್ಬಿ ಸ್ಕೂಲಿಗೆ ಒಯ್ಯುವ ಬ್ಯಾಗಿನಲ್ಲಿತ್ತು. ಮುಂದೆ ಏನಾಗಿರಬಹುದು ಅಂತ ನೀವೇ ಊಹಿಸಿರುತ್ತೀರಿ.

ಅವತ್ತೇ ಇಲಾಖೆಯಿಂದ ಒಬ್ಬರು ಮೇಡಂ ತಪಾಸಣೆಗೆ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂತು, "ಪಾಠ ಶುರು ಮಾಡಿ" ಅಂದರು. ನಾನು ಜೋರಾಗಿ ಡಬ್ಬಿ ತೆರೆದು ಬೋರಲು ಹಾಕಿದೆ. ಮೇಜಿನ ಮೇಲೆ ಓಲೆ, ಪದಕ, ಕಾಸಿನ ಸರ ಎಲ್ಲ ಝಣಝಣ ಬಿದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ನೌಕರಿಯ ಕಥೆ ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿ ನಿಂತೆ.

ಮೇಡಂ ಎದ್ದು ಬಂದು ಸರವನ್ನು ಕೈಗೆತ್ತಿಕೊಂಡರು. ಕನ್ನಡಕ ಏರಿಸಿ ನೋಡಿದರು.

"ಹಿಂಗೆ ಕಪ್ಪು ಮಾಡ್ಕೊಂಡಿದ್ದೀರಲ್ರೀ. ಟೂತ್‌ಪೇಸ್ಟ್ ಹಾಕಿ ಉಜ್ಜಿ. ನಮ್ಮ ತಂಗಿ ಹಂಗೇ ಮಾಡೋದು, ಅವಳ ಸರ ಈಗ್ಲೂ ಹೊಸದರ ಥರ ಇದೆ. ನೋಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ."

ಅವತ್ತು ಪಾಠದ ತಪಾಸಣೆ ಐದು ನಿಮಿಷ, ಪೇಸ್ಟಿನ ಪಾಠ ಅರ್ಧ ಗಂಟೆ.

೫. ಪೇಸ್ಟು

ಇಲಾಖೆಯವರೇ ಹೇಳಿದ ಮೇಲೆ ಮಾಡದೇ ಇರಲಾದೀತೇ? ಭಾನುವಾರ ಕೂತು ಅರ್ಧ ಟ್ಯೂಬು ಪೇಸ್ಟ್ ಬಳಿದು, ಹಳೆ ಬ್ರಷ್ಷಿನಲ್ಲಿ ತಿಕ್ಕಿದೆ. ಆ ಹಳೆ ಬ್ರಷ್ಷು ಯಜಮಾನರು ದಿನಾ ಹಲ್ಲುಜ್ಜುವ ಬ್ರಷ್ಷು ಅಂತ ಆಮೇಲೆ ಗೊತ್ತಾಯಿತು, ಅವರಿಗೆ ಇವತ್ತಿಗೂ ಗೊತ್ತಿಲ್ಲ. ಪೇಸ್ಟು ಒಣಗಿ ಕಾಸುಗಳ ಸಂದಿಯಲ್ಲೆಲ್ಲ ಕಚ್ಚಿಕೊಂಡಿತು. ಲಕ್ಷ್ಮಿಯ ಕಣ್ಣು, ಮೂಗು, ನಾಲ್ಕೂ ಕೈ ಬೆಳ್ಳಗೆ ಮುಚ್ಚಿಹೋದವು. ಸೂಜಿಯಲ್ಲಿ ಕೆದಕಿದರೆ ಪೇಸ್ಟು ಲಕ್ಷ್ಮಿಯನ್ನೂ ಕಿತ್ತುಕೊಂಡೇ ಬರುತ್ತಿತ್ತು.

ಕೊನೆಗೆ ಅಂಟುವಾಳದ ಕಾಯಿ ಹಾಕಿ ಕುದಿಸೋಣ ಅಂತ ಪಾತ್ರೆ ಒಲೆ ಮೇಲಿಟ್ಟೆ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಹಾಕಿದರೆ ರೇಷ್ಮೆ ಗೂಡಿನಿಂದ ನೂಲು ಬಿಟ್ಟುಕೊಳ್ಳುತ್ತದೆ. ನನ್ನ ಸರದಿಂದ ಕಲ್ಲು ಬಿಟ್ಟುಕೊಂಡವು. ಗೋಂದಿನಲ್ಲಿ ಅಂಟಿಸಿದ್ದ ಕೆಂಪು ಕಲ್ಲುಗಳು ಒಂದೊಂದೇ ಪಾತ್ರೆಯ ತಳ ಸೇರಿದವು. ಪೇಸ್ಟು ಹೋಯಿತು, ನಿಜ. ಅದರ ಜೊತೆಗೆ ಬಣ್ಣದ ಹೊಳಪೂ ಹೋಗಿ, ಇಡೀ ಸರ ಕಂದುಗಪ್ಪಾಗಿ ಹೊರಗೆ ಬಂತು.

ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಲಕ್ಷ್ಮಿ ಅಂತ ದುಡ್ಡು ಕೊಟ್ಟು ತಂದೆ. ಈಗ ಸಾಲಾಗಿ ಶನಿಮಹಾತ್ಮ ಕೂತಿದ್ದಾನಲ್ಲಮ್ಮ!"

೬. ನಮ್ಮತ್ತೆಯ ಅತ್ತೆ

ಗೃಹಪ್ರವೇಶದ ದಿನ ಬಂದೇಬಿಟ್ಟಿತು. ಬೇರೆ ಸರ ಕೊಳ್ಳುತ್ತೇನೆ ಅಂದರೆ ಯಜಮಾನರು ಮುಖ ತಿರುಗಿಸಿದರು. ಕಲ್ಲಿಲ್ಲದ ಕಪ್ಪು ಸರವನ್ನೇ ಹಾಕಿಕೊಂಡು, ಸೆರಗು ಕುತ್ತಿಗೆವರೆಗೂ ಎಳೆದುಕೊಂಡು ಗೌರಿಬಿದನೂರಿಗೆ ಹೋದೆ. ಓರಗಿತ್ತಿ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಅದೇ ಮೂರು ವರ್ಷದ ಸರ, ಅದೇ ಥಳಥಳ. ಆರತಿ ತಟ್ಟೆ ಹಿಡಿದಾಗ ನನ್ನ ಸೆರಗು ಜಾರಿತು.

ಎದುರಿಗೆ ನಗರಗೆರೆಯ ದೊಡ್ಡತ್ತೆ ನಿಂತಿದ್ದರು. ಅವರು ನಮ್ಮತ್ತೆಯ ಓರಗಿತ್ತಿ, ಹಿರಿಯ ಸೊಸೆ. ಅವರ ಕುತ್ತಿಗೆಯಲ್ಲಿರುವ ಅಪ್ಪಟ ಚಿನ್ನದ ಅಡ್ಡಿಕೆಯನ್ನು ನೋಡಿ ನೋಡಿ ನಮ್ಮತ್ತೆ ನಲವತ್ತು ವರ್ಷದಿಂದ ನಿಟ್ಟುಸಿರು ಬಿಡುತ್ತಿದ್ದಾರೆ. ದೊಡ್ಡತ್ತೆ ಕೈ ಚಾಚಿ ನನ್ನ ಸರದ ಒಂದು ಕಾಸು ಹಿಡಿದರು.

"ಏಮಮ್ಮಾ, ಇದ್ಯಾವ ಕಾಲದ್ದು? ಅಂಗಡಿ ಮಾಲು ಹಿಂಗಿರಲ್ಲ ಬಿಡು, ಫಳಫಳ ಅಂತದೆ. ಕಪ್ಪು ತಿರುಗಿದೆ, ಕಲ್ಲು ಉದುರಿದೆ. ಇದು ತುಂಬಾ ಹಳೇ ಚಿನ್ನ."

ಓರಗಿತ್ತಿ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಹಳೇ ಚಿನ್ನಾನಾ? ಯಾರ್ದಕ್ಕ ಇದು?"

ನಿಜ ಹೇಳೋಣ ಅಂತಲೇ ಬಾಯಿ ತೆರೆದೆ, ದೇವರಾಣೆ. ಆದರೆ ಅವಳ ಮುಖ ಸಣ್ಣಗಾಗಿದ್ದು ಕಂಡಿತು. ಆ ಮುಖವನ್ನು ಹಾಗೆ ನೋಡಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೆ! ತೆರೆದ ಬಾಯಿ ಮುಚ್ಚಿಕೊಂಡೆ.

ಅವಳು ಸೀದಾ ಅತ್ತೆಯ ಕಡೆ ತಿರುಗಿದಳು. "ಏನತ್ತೆ, ಹಿರೀ ಸೊಸೇಗೆ ಮಾತ್ರಾನಾ? ನಾನೇನ್ ಪಾಪ ಮಾಡಿದ್ದೆ?"

ನೆಂಟರೆಲ್ಲ ಅತ್ತೆಯನ್ನು ನೋಡಿದರು. ಅದು ಚಿಕ್ಕಬಳ್ಳಾಪುರದ ಗಿಲೀಟು ಅಂತ ಅತ್ತೆಗೆ ಚೆನ್ನಾಗಿ ಗೊತ್ತು. ಅಂದುಬಿಡುತ್ತಾರೆ, ನನ್ನ ಮಾನ ಹೋಯಿತು ಅಂದುಕೊಂಡೆ. ಅತ್ತೆ ಒಂದು ಸಲ ದೊಡ್ಡತ್ತೆಯ ಅಡ್ಡಿಕೆಯನ್ನು ನೋಡಿದರು. ಸೆರಗು ಸರಿಮಾಡಿಕೊಂಡರು.

"ನಮ್ಮತ್ತೆ ನನಗೆ ಕೊಟ್ಟಿದ್ದು. ಪೆಟ್ಟಿಗೆ ತಳದಲ್ಲಿತ್ತು" ಅಂದರು.

ದೊಡ್ಡತ್ತೆ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. "ನೋಡಿದ ತಕ್ಷಣ ಅಂದ್ಕೊಂಡೆ! ನಮ್ಮತ್ತೆ ಕುತ್ತಿಗೇಲಿ ಈ ಸರ ನಾನೇ ಕಣ್ಣಾರೆ ನೋಡಿದ್ದೀನಿ. ನಿಂಗೇ ಕೊಡ್ತೀನಿ ಅಂತ ನನ್ನ ಕೈ ಹಿಡ್ದು ಹೇಳಿದ್ರು. ಹೊಡ್ಕೊಂಡು ನಲವತ್ತು ವರ್ಷ ಉಸಿರು ಬಿಡ್ಲಿಲ್ಲವಲ್ಲೇ ನೀನು!"

ಆ ಸರ ನಾನು ತಂದು ಇನ್ನೂ ಆರು ತಿಂಗಳಾಗಿರಲಿಲ್ಲ.

೭. ಅತ್ತೆಯ ನ್ಯಾಯ

ಓರಗಿತ್ತಿ ಊಟಕ್ಕೆ ಏಳಲಿಲ್ಲ. ಹೋಳಿಗೆ ಬಡಿಸಿದರೂ ಏಳಲಿಲ್ಲ. ಕೊನೆಗೆ ಅತ್ತೆಯೇ ನ್ಯಾಯ ಹೇಳಿದರು.

"ಇಬ್ರೂ ನನಗೆ ಒಂದೇ. ಆರು ತಿಂಗಳು ಸರ ದೊಡ್ಡವಳ ಹತ್ರ ಇತ್ತು, ಇನ್ನು ಆರು ತಿಂಗಳು ಚಿಕ್ಕವಳ ಹತ್ರ ಇರ್ಲಿ. ಅಲ್ಲಿ ತಂಕ ಚಿಕ್ಕವಳ ಸರ ದೊಡ್ಡವಳು ಹಾಕ್ಕೊಳ್ಳಲಿ. ಒಂದು ಮಾತು, ಇದನ್ನ ಉಜ್ಜಬೇಡಿ, ತೊಳೀಬೇಡಿ. ಹಳೇದಕ್ಕೆ ಆ ಕಪ್ಪೇ ಲಕ್ಷಣ."

ನಾನು ತುಂಬಾ ದುಃಖವಾದವಳ ಹಾಗೆ ಸರ ಬಿಚ್ಚಿ ಕೊಟ್ಟೆ. ಅವಳ ಥಳಥಳ ಸರ ನನ್ನ ಕುತ್ತಿಗೆಗೆ ಬಂತು. ಕಾರಿನ ಕನ್ನಡಿಯಲ್ಲಿ ಶಿಡ್ಲಘಟ್ಟ ಬರುವವರೆಗೂ ನನ್ನನ್ನೇ ನೋಡಿಕೊಂಡೆ.

ಖುಷಿ ಒಂದು ದಿನಕ್ಕಿಂತ ಹೆಚ್ಚು ಇರಲಿಲ್ಲ. ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ, ಸರ ಬದಲಾಯಿಸಿಕೊಂಡ ಮೇಲೆ ತೆಗೆದ ನಮ್ಮಿಬ್ಬರ ಫೋಟೋ ಒಂದೊಂದು ಬಂತು. ಅವಳ ಫೋಟೋ ಕೆಳಗೆ ಇಪ್ಪತ್ತು ಜನ, ಹಳೇ ಒಡವೆ ಗತ್ತೇ ಬೇರೆ, ಪುಣ್ಯವಂತೆ ಕಣಮ್ಮ ನೀನು ಅಂತ ಬರೆದಿದ್ದರು. ನನ್ನ ಫೋಟೋ ಕೆಳಗೆ ಯಾರೋ ಒಂದು ಹೂವು ಹಾಕಿದ್ದರು. ತಂದಿದ್ದು ನಾನು, ಬೆವರು ಸುರಿಸಿದ್ದು ನಾನು, ಕುದಿಸಿ ಕಪ್ಪು ಮಾಡಿದ್ದು ನಾನು, ಹೆಸರು ಮಾತ್ರ ಅವಳಿಗೆ. ನನ್ನ ಗಿಲೀಟು ಸರದ ಮೇಲೆ ನನಗೇ ಹೊಟ್ಟೆ ಉರಿದು ಎರಡು ದಿನ ಊಟ ಸೇರಲಿಲ್ಲ.

ಒಂದು ತಿಂಗಳಾದ ಮೇಲೆ ಅವಳು ಫೋನ್ ಮಾಡಿದಳು. ದನಿ ಬೆಣ್ಣೆಯ ಹಾಗಿತ್ತು.

"ಅಕ್ಕ, ಸರದ ಕೊಕ್ಕೆ ಸಡಿಲ ಆಗಿತ್ತು. ನಮ್ಮ ಬೀದಿ ಆಚಾರ್ರ ಹತ್ರ ತಗೊಂಡು ಹೋಗಿದ್ದೆ."

ಆಚಾರ್ರು ಅಂದರೆ ಅಕ್ಕಸಾಲಿಗರು, ಒರೆಗಲ್ಲಿಗೆ ಉಜ್ಜಿರುತ್ತಾರೆ, ಎಲ್ಲ ಬಯಲಾಗಿದೆ. ಇನ್ನು ಗೌರಿಬಿದನೂರು, ನಗರಗೆರೆಗೆಲ್ಲ ಸುದ್ದಿ ಮುಟ್ಟಲು ಎಷ್ಟು ಹೊತ್ತು?

"ಏನಂದ್ರಮ್ಮ ಆಚಾರ್ರು?"

ಅವಳು ಒಂದು ಸಲ ಕೆಮ್ಮಿದಳು. ಇಪ್ಪತ್ತು ಜನ ಪುಣ್ಯವಂತೆ ಅಂದಿದ್ದು ಅವಳಿಗೂ ನೆನಪಿಗೆ ಬಂದಿರಬೇಕು.

"ಅಪ್ಪಟ ಚಿನ್ನ ಅಂದ್ರು ಅಕ್ಕ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇಂಥಾದ್ದು ಈಗ ಎಲ್ಲೂ ಸಿಗಲ್ವಂತೆ" ಅಂತ ಅವಳು ಮುಂದುವರಿಸಿದಳು. "ಅದಕ್ಕೇ ಭಯ ನಂಗೆ. ನಮ್ಮ ಕಡೆ ಕಳ್ಳರ ಕಾಟ ಬೇರೆ. ಎಷ್ಟಾದ್ರೂ ನೀವು ಹಿರೀ ಸೊಸೆ, ನಿಮ್ಮ ಹತ್ರ ಇದ್ರೇನೇ ಅದಕ್ಕೆ ಶೋಭೆ. ನಾಳೆ ಮೊದಲ್ನೇ ಬಸ್ಸಿಗೆ ನಾನೇ ತಂದ್ಕೊಡ್ತೀನಿ. ನನ್ನ ಸರ ನಂಗೆ ಕೊಟ್ಬಿಡಿ ಅಕ್ಕ, ಸಾಕು."

ನಾನು ಕುತ್ತಿಗೆಯಲ್ಲಿದ್ದ ಅವಳ ಸರವನ್ನು ಒಂದು ಸಲ ಸವರಿಕೊಂಡೆ. ಆಮೇಲೆ ಅವಳಿಗಿಂತ ಮೆತ್ತಗೆ ಹೇಳಿದೆ.

"ಅತ್ತೆ ಮಾತು ಮೀರೋದು ತಪ್ಪಾಗುತ್ತೆ ಕಣಮ್ಮ. ಇನ್ನೂ ಐದು ತಿಂಗಳಿದೆಯಲ್ಲ, ಆರಾಮಾಗಿ ಹಾಕ್ಕೋ."