ಒಂದೇ ದಿನದಲ್ಲಿ ಬೆಳೆದ ಹುಲ್ಲು

ಬಾಯಿ ತಪ್ಪಿ ಬಂದ ಒಂದು ಮಾತು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ತಿಳಿಯಬೇಕಾದರೆ ನಮ್ಮ ನಕ್ಷೆಗಾರನನ್ನು ನೋಡಬೇಕು. ಭಾನುವಾರ ಬೆಳಿಗ್ಗೆ ಜನರೆಲ್ಲ ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿನಲ್ಲಿ ಅವನು ಮನೆ ಮುಂದೆ ಮಂಡಿಯೂರಿ, ಸಲಿಕೆಯಿಂದ ಪಾಚಿ ಕೆರೆಯುತ್ತಿದ್ದ.

ಹಿಂದಿನ ದಿನ ನೀರು ಸರಬರಾಜು ಕಚೇರಿಯ ದೊಡ್ಡ ಸಾಹೇಬರು ಅವನನ್ನು ತಮ್ಮ ಕೋಣೆಗೆ ಕರೆದಿದ್ದರು. "ನಿಮ್ಮನ್ನ ಹೊಸ ಶಾಖೆಗೆ ವರ್ಗ ಮಾಡೋಣ ಅಂತಿದ್ದೀನಿ. ಏನಾದ್ರೂ ತೊಂದರೆ ಇದ್ರೆ ಹೇಳಿಬಿಡಿ" ಎಂದಿದ್ದರು.

ತೊಂದರೆ ಇತ್ತು. ಅವನ ಮಗಳು ಎರಡನೇ ತರಗತಿ. ಮನೆಯೊಳಗೆ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಹೊಸ್ತಿಲು ದಾಟಿದಳೆಂದರೆ ತುಟಿಗೆ ಹೊಲಿಗೆ ಹಾಕಿದಂತೆ ಸುಮ್ಮನಾಗುತ್ತಿದ್ದಳು. ವರ್ಗವಾಗಿ ಹೋದ ಯಾವ ಊರಿನ ಯಾವ ಶಾಲೆಯಲ್ಲೂ ಒಂದು ಅಕ್ಷರ ಮಾತಾಡಿದವಳಲ್ಲ. ಮೇಡಂ ಒಬ್ಬರು ಕಿವಿ ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳಿಸಿದ್ದರು. ಈ ಊರಿಗೆ ಬಂದ ಮೇಲೆ ಪಕ್ಕದ ಮನೆ ಟೈಲರಮ್ಮನ ಮಗಳೊಬ್ಬಳ ಕಿವಿಯಲ್ಲಿ ಮಾತ್ರ ಪಿಸುಗುಟ್ಟಲು ಕಲಿತಿದ್ದಳು. ಆ ಪಿಸುಮಾತು ಕೇಳಿದ ದಿನ ಅವಳಮ್ಮ ಬಚ್ಚಲಿಗೆ ಹೋಗಿ ಅತ್ತು ಬಂದಿದ್ದಳು. ಈಗ ಮತ್ತೆ ಊರು ಬಿಟ್ಟರೆ ಆ ಪಿಸುಮಾತೂ ಹೋಗುತ್ತದಲ್ಲ ಎಂಬುದೇ ಗಂಡಹೆಂಡಿರ ಚಿಂತೆ.

ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಆದರೆ ಮಗುವಿನ ಕಷ್ಟವನ್ನು ಪರರ ಮೇಜಿನ ಮೇಲೆ ಹರಡಲು ಅವನಿಗೆ ನಾಲಿಗೆ ಏಳಲಿಲ್ಲ. ಕಣ್ಣು ಅತ್ತಿತ್ತ ಹೊರಳಿ ಗೋಡೆಯ ಮೇಲಿನ ಫೋಟೋದ ಮೇಲೆ ನಿಂತಿತು. ಸಾಹೇಬರು ತಮ್ಮ ಮನೆಯ ಹುಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತು ನಗುತ್ತಿದ್ದ ಫೋಟೋ. ಸಾಹೇಬರಿಗೆ ಹುಲ್ಲಿನ ಹುಚ್ಚು ಎಂಬುದು ಇಡೀ ಕಚೇರಿಗೆ ಗೊತ್ತಿದ್ದ ವಿಷಯ.

"ಸಾರ್, ಮನೆ ಮುಂದೆ ಹುಲ್ಲುಹಾಸು ಬೆಳೆಸಿದ್ದೀನಿ. ನಾನು ಹೋದ್ರೆ ಒಣಗಿ ಹೋಗುತ್ತೆ ಸಾರ್" ಎಂದುಬಿಟ್ಟ.

ಸಾಹೇಬರ ಮುಖ ಅರಳಿತು. "ಹೌದೇನ್ರಿ? ಮೊದಲೇ ಹೇಳಬಾರದಾ? ನಾಳೆ ಸಂಜೆ ಬಂದು ನೋಡ್ತೀನಿ. ನೋಡಿ ಆಮೇಲೆ ತೀರ್ಮಾನ ಮಾಡೋಣ" ಎಂದರು.

ನಮ್ಮ ನಕ್ಷೆಗಾರನ ಮನೆ ಮುಂದೆ ಹುಲ್ಲು ಇರಲಿಲ್ಲ. ಇದ್ದದ್ದು ಮನೆಗಿಂತ ಹಳೆಯದಾದ ಒಂದು ಅತ್ತಿಮರ, ಅದರ ಗುಡಾರದಂಥ ನೆರಳು, ಆ ನೆರಳಿನಲ್ಲಿ ವರ್ಷವಿಡೀ ಆರದ ಹಸಿ ಮಣ್ಣು. ಬಿಸಿಲು ಆ ಅಂಗಳದ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಪಾಪ, ಅವನು ಪ್ರಯತ್ನ ಮಾಡಿರಲಿಲ್ಲವೆಂದಲ್ಲ. ಮೂರು ಸಲ ಬೀಜ ಚೆಲ್ಲಿದ್ದ. ಮೂರು ಸಲವೂ ನಾಲ್ಕು ಎಳೆ ಮೇಲೆದ್ದು, ಸುತ್ತ ನೋಡಿ, ಹಳದಿಯಾಗಿ ಮಲಗಿಬಿಟ್ಟವು. ಬೇಕೆಂದದ್ದು ಬರಲಿಲ್ಲ, ಬೇಡವೆಂದ ಪಾಚಿ ಮಾತ್ರ ಸೊಂಪಾಗಿ ಬಂತು.

"ನಿಮಗೆ ನಿಜ ಹೇಳೋಕೆ ಏನ್ರಿ ಕಷ್ಟ?" ಹೆಂಡತಿ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕೇಳಿದಳು.

"ಕಷ್ಟ ಅಲ್ಲ ಕಣೇ. ಬಾಯಿಗೆ ಮೊದಲು ಹುಲ್ಲು ಬಂತು."

"ಹಸುವಿಗೂ ಹಾಗೇ ಬರೋದು" ಎಂದು ಹೇಳಿ ಲೋಟ ಅವನ ಕೈಗಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ, ಹಿಂದಿನ ರಾತ್ರಿಯೇ ಹೇಳಿಟ್ಟಿದ್ದ ಕಾರ್ಪೆಟ್ ಅಂಗಡಿಯವನು ಗಾಡಿ ತಂದು ನಿಲ್ಲಿಸಿ ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳನ್ನು ದಪದಪನೆ ಇಳಿಸಿದ. ಸಭಾಂಗಣಗಳ ಒಳಗೆ ಹಾಸಿಯೇ ಕೈ ಪಳಗಿದವನು ಅವನು. ಮಣ್ಣಿನ ಮೇಲೆ ಹಾಸುವುದು ಇದೇ ಮೊದಲು.

"ಅಣ್ಣಾ, ಇದಕ್ಕೆ ನೆಲ ಅಗೆದು, ಜಲ್ಲಿ ತುಂಬಿ, ನೀರು ಇಳಿದುಹೋಗೋಕೆ ದಾರಿ ಮಾಡಿ ಆಮೇಲೆ ಹಾಸಬೇಕಂತೆ. ಅದರಲ್ಲೂ ಇಂಥ ನೆರಳು, ಥಂಡಿ ಜಾಗಕ್ಕೆ ಅದು ಬೇಕೇ ಬೇಕಂತೆ. ಅದಕ್ಕೆ ಒಂದು ವಾರ ಬೇಕು. ನಿಮಗೆ ಸಂಜೆಗೆ ಬೇಕು. ಏನು ಮಾಡ್ಲಿ ಹೇಳಿ" ಎಂದ.

"ಹಾಸಿಬಿಡಪ್ಪ."

ಅಗೆಯಲು ಹೋದರೂ ಆಗುತ್ತಿರಲಿಲ್ಲ. ಸಲಿಕೆ ಇಟ್ಟಲ್ಲೆಲ್ಲ ಅತ್ತಿಮರದ ಬೇರು ಟಣ್ ಎನ್ನುತ್ತಿತ್ತು. ಉಬ್ಬಿದ ಬೇರುಗಳ ಮೇಲೆಯೇ ಹುಲ್ಲು ಬಿಚ್ಚಿಕೊಂಡಿತು. ನೆಲ ಕಂಬಳಿ ಹೊದ್ದು ಮಲಗಿದ ಸಂಸಾರದ ಹಾಗೆ ಅಲ್ಲೊಂದು ಮಂಡಿ, ಇಲ್ಲೊಂದು ಮೊಣಕೈ ಎತ್ತಿಕೊಂಡು ಕಾಣತೊಡಗಿತು.

ಸದ್ದು ಕೇಳಿ ಎದುರು ಮನೆಯ ಡ್ರಿಲ್ ಮೇಷ್ಟ್ರು ಬಂದರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಕೊರಳಿನ ಸೀಟಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಬಂದವರೇ ವಿಷಯ ತಿಳಿದುಕೊಂಡು ಕಾರ್ಪೆಟ್ ಅಂಗಡಿಯವನಿಗೆ ಎಡಕ್ಕೆ ಸರಿ, ಬಲಕ್ಕೆ ತಿರುಗಿಸು ಎಂದು ಅಪ್ಪಣೆ ಕೊಡತೊಡಗಿದರು. ಅವರ ಕಾಟಕ್ಕೆ ತಲೆಕೆಟ್ಟ ಅವನು ಎರಡನೇ ಸುರುಳಿಯನ್ನು ತಿರುಗುಮುರುಗಾಗಿ ಬಿಚ್ಚಿ, ಎರಡರ ಅಂಚಿಗೂ ಅಂಟು ಹಚ್ಚಿ ಕೂಡಿಸಿ, ಬೇರೆ ಕೆಲಸವಿದೆ ಎಂದು ಗಾಡಿ ಹತ್ತಿ ಪಾರಾದ. ಹುಲ್ಲಿನ ಎಳೆಗಳು ಒಂದು ಪಟ್ಟಿಯಲ್ಲಿ ಬೀದಿಯ ಕಡೆಗೂ ಇನ್ನೊಂದರಲ್ಲಿ ಮನೆಯ ಕಡೆಗೂ ಬಾಗಿ, ಒಂದು ಕಪ್ಪು ಹಸಿರು ಒಂದು ತಿಳಿ ಹಸಿರು ಕಂಡಿತು. ಒಂದೇ ತಲೆಗೆ ಇಬ್ಬರು ಕ್ಷೌರಿಕರು ಕೈ ಹಾಕಿದಂತಿತ್ತು.

"ಸ್ಟೇಡಿಯಂನಲ್ಲಿ ಹೀಗೇ ಇರೋದು ಕಣಯ್ಯಾ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು" ಎಂದರು ಮೇಷ್ಟ್ರು.

ನಕ್ಷೆಗಾರ ಮಣ್ಣು ಮೆತ್ತಿದ ಕೈಕಾಲು ತೊಳೆಯಲು ಒಳಗೆ ಹೋದ. ಅದೇ ತಪ್ಪಾಯಿತು. ಹೊರಗೆ ಬರುವಷ್ಟರಲ್ಲಿ ಮೇಷ್ಟ್ರು ಪೈಪು ಹಿಡಿದು ಅಂಗಳಕ್ಕೆ ನೀರು ಬಿಟ್ಟಿದ್ದರು.

"ಅಯ್ಯೋ ಮೇಷ್ಟ್ರೇ, ಇದು ಪ್ಲಾಸ್ಟಿಕ್ಕು!"

"ಅದು ನನಗೂ ಗೊತ್ತಯ್ಯಾ. ನಿಮ್ಮ ಸಾಹೇಬರಿಗೆ ಗೊತ್ತಾಗಬಾರದು ತಾನೇ? ಹುಲ್ಲು ಅಂದ ಮೇಲೆ ತೇವ ಬೇಡ್ವಾ?"

ತೇವ ಆಯಿತು. ಆದರೆ ಕೆಳಗೆ ಮೊದಲೇ ನೀರು ಕುಡಿದು ಹೊಟ್ಟೆ ತುಂಬಿದ್ದ ಮಣ್ಣು, ಮೇಲೆ ಒಂದು ತೂತೂ ಇಲ್ಲದ ಸಭಾಂಗಣದ ಮಾಲು. ಅಂಚಿನಿಂದ ಒಳಗೆ ನುಗ್ಗಿದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಅಂಗಳದ ನಡುವೆ ಹುಲ್ಲು ಉಸಿರು ಎಳೆದುಕೊಂಡಂತೆ ಮೆಲ್ಲಗೆ ಮೇಲೇಳತೊಡಗಿತು. ನೋಡನೋಡುತ್ತಿದ್ದಂತೆ ಒಂದು ಹಸಿರು ಹೊಟ್ಟೆ ಎದ್ದು ನಿಂತು ಗುಳುಗುಳು ಎಂದಿತು.

ಆಗ ಪಕ್ಕದ ಮನೆಯಿಂದ ಟೈಲರಮ್ಮನ ಮಗಳು ಓಡಿ ಬಂದು ಆ ಹೊಟ್ಟೆಯ ಮೇಲೆ ಹಾರಿ ಕೂತಳು. ನಕ್ಷೆಗಾರನ ಮಗಳು ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ನೋಡಿ, ಆಮೇಲೆ ತಾನೂ ಹೋಗಿ ಬಿದ್ದಳು. ಹೊಟ್ಟೆ ಇವಳ ಕಡೆ ತಗ್ಗಿದರೆ ಅವಳ ಕಡೆ ಉಬ್ಬುತ್ತಿತ್ತು. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಮಗಳು ಕೂಗಿದಳು. ಹೊಸ್ತಿಲಿನಾಚೆ ಅವಳ ದನಿ ಇಷ್ಟು ದೊಡ್ಡದಾಗಿ ಏಳುತ್ತದೆ ಎಂದು ಅವಳ ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಕೈಯಲ್ಲಿದ್ದ ಟವಲು ಹಿಡಿದುಕೊಂಡು ನೋಡುತ್ತ ನಿಂತ. ಸಾಹೇಬರು, ಸಂಜೆ, ವರ್ಗ ಎಲ್ಲವೂ ಸ್ವಲ್ಪ ಹೊತ್ತು ಮರೆತೇ ಹೋದವು.

"ನಿಂತ್ಕೊಂಡು ಏನು ನೋಡ್ತಿದ್ದೀಯ? ಟೈಮ್ ಆಗ್ತಿದೆ!" ಎಂದು ಮೇಷ್ಟ್ರು ಸೀಟಿ ಊದಿದಾಗಲೇ ಎಚ್ಚರ.

ನೀರು ಹೊರಗೆ ತೆಗೆಯಬೇಕಿತ್ತು. ಅವನು ತನ್ನ ಕಚೇರಿಯ ಚೀಲದಿಂದ ಕೈವಾರ ತಂದು, ಅದರ ಮೊನೆಯಿಂದ ಹುಲ್ಲಿಗೆಲ್ಲ ತೂತು ಚುಚ್ಚಿದ. ಅಭ್ಯಾಸಬಲ ನೋಡಿ, ಆ ಅವಸರದಲ್ಲೂ ತೂತುಗಳು ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ಬಿದ್ದವು. ಮಕ್ಕಳು ಮೇಲಿಂದ ಕುಣಿದರು, ಕಾರಂಜಿಯ ಹಾಗೆ ಚಿಮ್ಮಿದ ನೀರು ಮೇಷ್ಟ್ರ ಪಂಚೆಯನ್ನು ತೋಯಿಸಿ ಚರಂಡಿ ಸೇರಿತು. ಹೊಟ್ಟೆ ಇಳಿಯಿತು. ಇಳಿದ ಹೊಟ್ಟೆಯ ಮೇಲೆ ಸುಕ್ಕು ಉಳಿಯಿತು.

"ಸುಕ್ಕು ತಾನೇ? ನನಗೆ ಬಿಡಿ ಅಣ್ಣಾ" ಎಂದು ಟೈಲರಮ್ಮ ಉದ್ದನೆಯ ವೈರು ಎಳೆದುಕೊಂಡು ಇಸ್ತ್ರಿ ಪೆಟ್ಟಿಗೆ ತಂದರು. "ಎಂಥೆಂಥ ಬಟ್ಟೆನೋ ಕೂರಿಸಿದ್ದೀನಿ. ಇದ್ಯಾವ ಲೆಕ್ಕ?"

ಬೇಡ ಎನ್ನುವ ಮೊದಲೇ ಚುಂಯ್ ಎಂದಿತು. ಸುಟ್ಟ ಬಕೆಟ್ಟಿನ ವಾಸನೆ ಬೀದಿಯ ತುದಿಯವರೆಗೂ ಹೋಯಿತು. ಟೈಲರಮ್ಮ ಪೆಟ್ಟಿಗೆ ಎತ್ತಿದಾಗ ಹುಲ್ಲುಹಾಸಿನ ನಟ್ಟನಡುವೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಒಂದು ಬೋಳು, ಅಚ್ಚುಕಟ್ಟಾಗಿ, ಮುಂದಿನ ಚೂಪಿನ ಸಮೇತ ಕಂಡಿತು.

"ಹತ್ತಿ ಅಂದ್ಕೊಂಡು ಬಿಸಿ ಇಟ್ಟುಬಿಟ್ಟೆ" ಎಂದು ಅವರು ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಷೆಗಾರನಿಗೆ ಅಳು ಬರುವಂತಾಗಿತ್ತು, ನಗು ಬಂದುಬಿಟ್ಟಿತು. ಬೋಳಿನ ಮೇಲೆ ಒಂದು ಹೂಕುಂಡ ತಂದಿಟ್ಟರು. ಮಕ್ಕಳಿಬ್ಬರೂ ಅತ್ತಿ ಎಲೆ ಆರಿಸಿ ತಂದು ನಿಜವಾದ ಹುಲ್ಲಿನ ಮೇಲೆ ಬಿದ್ದಂತೆ ಅಲ್ಲಲ್ಲಿ ಚೆಲ್ಲಿದರು. ದೂರದಿಂದ, ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ, ಚೆನ್ನಾಗಿಯೇ ಇತ್ತು.

ಸಾಹೇಬರು ಬಂದರು. ದೂರದಿಂದ ನೋಡಲಿಲ್ಲ. ಗೇಟಿನಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ಹೆಜ್ಜೆ ಇಟ್ಟು, ಎರಡು ಹೆಜ್ಜೆಗೇ ನಿಂತರು. ಬಗ್ಗಿ ಒಂದು ಎಳೆ ಹಿಡಿದು ಎಳೆದರು. ಮೇಷ್ಟ್ರು, ಟೈಲರಮ್ಮ ಇಬ್ಬರೂ ತಮ್ಮ ತಮ್ಮ ಮನೆಯೊಳಗೆ ಸರಿದು ಕಿಟಕಿ ಹಿಡಿದರು.

"ಏನ್ರಿ, ಇದು ಒಣಗಿ ಹೋಗುತ್ತೆ ಅಂದಿದ್ರಲ್ಲ?"

ನಕ್ಷೆಗಾರನ ಗಂಟಲು ಮಾತ್ರ ಆ ಅಂಗಳದಲ್ಲಿ ಒಣಗಿದ್ದ ವಸ್ತು. "ತಪ್ಪಾಯ್ತು ಸಾರ್" ಎಂದ.

ಸಾಹೇಬರು ಅತ್ತ ಇತ್ತ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ. ನನ್ನದೂ ಇದೇ."

"ಸಾರ್?"

"ನಮ್ಮ ಮನೆಗೂ ಹೀಗೇ ಹಳೇ ಮರ, ಹೀಗೇ ನೆರಳು ಕಣ್ರಿ. ನಿಜವಾದ ಹುಲ್ಲು ಹಾಕಿ ಹಾಕಿ ಸಾಕಾಯ್ತು. ಹೋದಲ್ಲೆಲ್ಲ ಜನ ಹೊಗಳ್ತಾರೆ, ನಾನೂ ಸುಮ್ಮನಿದ್ದೀನಿ." ಅವರು ಇಷ್ಟು ಸಲಿಗೆಯಿಂದ ಮಾತಾಡಿದ್ದನ್ನು ಅವನು ಕಂಡೇ ಇರಲಿಲ್ಲ. ಒಂದೇ ಸುಳ್ಳು ಹೇಳಿದವರ ನಡುವೆ ಹುಟ್ಟುವ ನೆಂಟಸ್ತಿಕೆಯೇ ಬೇರೆ. ಅವನ ಎದೆಯ ಮೇಲಿಂದ ಬಂಡೆ ಜರುಗಿತು. ಇನ್ನೇನು, ಬದುಕಿದೆ ಎಂದುಕೊಂಡ.

"ಇದರಲ್ಲಿ ಅನುಕೂಲ ಏನು ಗೊತ್ತಾ?" ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿದರು. "ವರ್ಗ ಆದಾಗಲೆಲ್ಲ ಸುರುಳಿ ಸುತ್ತಿ ಲಾರಿಗೆ ಹಾಕಿಬಿಡೋದು. ನನ್ನ ಹುಲ್ಲು ನನ್ನ ಜೊತೆ ನಾಲ್ಕು ಊರು ನೋಡಿದೆ. ನಿಜವಾದ ಹುಲ್ಲಾಗಿದ್ರೆ ನಿಮ್ಮನ್ನ ಕೀಳೋಕೆ ನನಗೇ ಮನಸ್ಸು ಬರ್ತಿರಲಿಲ್ಲ. ಇದಕ್ಕೇನು, ಜೊತೆಗೇ ಬರುತ್ತೆ. ಹೊಸ ಶಾಖೆ ಮನೆ ಮುಂದೆಯೂ ಒಳ್ಳೇ ನೆರಳಿದೆ."

ನಕ್ಷೆಗಾರನಿಗೆ ಇನ್ನು ನಿಜ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಸಂಕೋಚವನ್ನೆಲ್ಲ ಪಕ್ಕಕ್ಕಿಟ್ಟು ಹೇಳಿದ. "ಸಾರ್, ನಿನ್ನೆ ಹೇಳಬೇಕಾಗಿದ್ದು ಹುಲ್ಲಿನ ವಿಷಯ ಅಲ್ಲ. ನನ್ನ ಮಗಳು ಸಾರ್. ಹೊಸಬರ ಮುಂದೆ ಬಾಯೇ ಬಿಡಲ್ಲ. ಇಷ್ಟು ವರ್ಷದಲ್ಲಿ ಈ ಊರಲ್ಲಿ ಒಬ್ಬಳೇ ಗೆಳತಿ ಸಿಕ್ಕಿದಾಳೆ. ಈಗ ಇಲ್ಲಿಂದ ಕಿತ್ತರೆ..."

ಸಾಹೇಬರು ಗಂಭೀರರಾದರು. ಅವನ ಮುಖವನ್ನೇ ನೋಡಿದರು. ಅವರೂ ಮಕ್ಕಳೊಂದಿಗರು, ಮನಸ್ಸು ಕರಗುತ್ತಿರುವುದು ಕಣ್ಣಲ್ಲೇ ಕಾಣುತ್ತಿತ್ತು.

"ತಾತಾ!"

ಇಬ್ಬರೂ ತಿರುಗಿದರು. ಅವನ ಮಗಳು, ಕೆನ್ನೆಗೆಲ್ಲ ಮಣ್ಣು ಮೆತ್ತಿಕೊಂಡು, ಹೂಕುಂಡದ ಪಕ್ಕ ನಿಂತಿದ್ದಳು.

"ತಾತಾ, ಈ ಕುಂಡ ಎತ್ತಿ ನೋಡಿ, ಇಸ್ತ್ರಿ ಪೆಟ್ಟಿಗೆ ಗುರುತಿದೆ! ಹುಲ್ಲು ಬಲೂನ್ ಆಗಿತ್ತು, ನಾವು ಕುಣಿದ್ವಿ, ಡ್ರಿಲ್ ತಾತನ ಪಂಚೆ ಎಲ್ಲ ಒದ್ದೆ! ಅಪ್ಪ ಕೈವಾರದಲ್ಲಿ ಚುಚ್ಚಿದ್ರು. ನೀವೂ ಕುಣೀತೀರಾ? ನೀವು ದಪ್ಪ ಇದ್ದೀರಲ್ಲ, ನೀವು ಕುಣಿದ್ರೆ ನೀರು ಇನ್ನೂ ಮೇಲೆ ಹಾರುತ್ತೆ!"

ಒಳಗೆ ಅವಳಮ್ಮನ ಕೈಯಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು. ನಕ್ಷೆಗಾರನ ಕಣ್ಣು ತುಂಬಿಕೊಂಡಿತು. ಅವನು ಮಗಳನ್ನೇ ನೋಡುತ್ತಿದ್ದ, ಸಾಹೇಬರು ಅವನನ್ನೇ ನೋಡುತ್ತಿದ್ದರು.

"ಇವಳೇನ್ರಿ ಬಾಯಿ ಬಿಡದ ಹುಡುಗಿ?" ಸಾಹೇಬರು ನಗತೊಡಗಿದರು. "ನಿನ್ನೆ ಹುಲ್ಲು, ಇವತ್ತು ಮಗಳು. ನಾಳೆ ಇನ್ನೇನು ತರ್ತೀರಿ?"

"ಸಾರ್, ನನ್ನಾಣೆ ಸಾರ್, ಇವತ್ತೇ ಮೊದಲು..."

"ಬಿಡ್ರಿ, ಬಿಡ್ರಿ. ಇಂಥ ಮಗು ಯಾವ ಊರಿಗೆ ಹೋದ್ರೂ ಒಂದೇ ದಿನದಲ್ಲಿ ಊರೆಲ್ಲ ತನ್ನದು ಮಾಡ್ಕೊಳ್ಳುತ್ತೆ." ಅವರು ಮಗುವಿನ ಕೆನ್ನೆ ತಟ್ಟಿ, ಚಪ್ಪಲಿ ಮೆಟ್ಟಿದರು. "ಬೆಳಿಗ್ಗೆ ಆರ್ಡರ್ ತಗೊಂಡು ಹೋಗಿ. ಸುತ್ತೋವಾಗ ಎಳೆಗಳು ಒಳಗಿರಲಿ, ಮಡಚಬೇಡಿ."

ಕಾರು ಹೋಯಿತು. ಮಗಳು ಈಗ ಕಿಟಕಿಯೊಳಗಿನ ಮೇಷ್ಟ್ರನ್ನು ಕೂಗಿ ಕರೆಯುತ್ತಿದ್ದಳು. ಹೆಂಡತಿ ಓಡಿ ಬಂದು ಅವನ ತೋಳು ಹಿಡಿದಳು.

"ರೀ, ಕೇಳಿಸ್ತಾ? ಅವಳು ಸಾಹೇಬರ ಹತ್ರ ಮಾತಾಡಿದ್ಲು ರೀ!"

"ಕೇಳಿಸ್ತು ಕಣೇ."

"ನಮ್ಮ ಪುಣ್ಯ. ಇನ್ನು ನನಗೆ ಏನೂ ಬೇಡ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ನೆನಪಾದವಳಂತೆ ಕೇಳಿದಳು. "ಅಂದ ಹಾಗೆ, ವರ್ಗದ ವಿಷಯ ಏನಂದ್ರು?"

ನಕ್ಷೆಗಾರ ಬಗ್ಗಿ, ಹುಲ್ಲಿನ ಅಂಚನ್ನು ಹಿಡಿದು, ಮೆಲ್ಲಗೆ ಸುತ್ತತೊಡಗಿದ.